ಓದುಗರ ಪ್ರಶ್ನೆ: ಜೆರ್ಸಿ ಮೊದಲೋ, ಚೆಂಡು ಮೊದಲೋ?

ಪ್ರಶ್ನೆ: ನಾನು ಸಣ್ಣ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. 9ರಿಂದ 12 ವರ್ಷದ 16 ಮಕ್ಕಳ ಫುಟ್‌ಬಾಲ್ ತಂಡ ಕಟ್ಟಿದ್ದೇವೆ. ಇರುವ ಚೆಂಡು ಎರಡೇ. ಶಾಲೆ ಕೊಟ್ಟ ಹಣವೆಲ್ಲ ಜೆರ್ಸಿಗೇ ಮುಗಿದುಹೋಗುವಂತಿದೆ. ಬೂಟು ಕೊಳ್ಳಲಾಗದ ಕೆಲವು ಮಕ್ಕಳು ತಂಡ ಬಿಡುವ ಮಾತಾಡುತ್ತಿದ್ದಾರೆ. ಯಾವುದನ್ನು ಮೊದಲು ಕೊಳ್ಳಬೇಕು?

ಉತ್ತರ: ಬೂಟಿಲ್ಲದ ಮಕ್ಕಳು ತಂಡ ಬಿಡುವ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹಣದ ಲೆಕ್ಕಕ್ಕಿಂತ ಅದು ತುರ್ತಿನದು. ಫುಟ್‌ಬಾಲ್ ಆಟದ 4ನೇ ನಿಯಮವು ತೋಳಿರುವ ಅಂಗಿ, ಚಡ್ಡಿ, ಕಾಲುಚೀಲ, ಶಿನ್ ಗಾರ್ಡ್ (ಮೊಣಕಾಲ ಕೆಳಗಿನ ಮೂಳೆಗೆ ಪೆಟ್ಟಾಗದಂತೆ ಕಟ್ಟುವ ಕಾಪು) ಮತ್ತು ಪಾದರಕ್ಷೆಯನ್ನು ಕಡ್ಡಾಯ ಮಾಡಿದೆಯೇ ಹೊರತು, ಪಾದರಕ್ಷೆಯ ಅಡಿಗೆ ಸ್ಟಡ್ (ಹಿಡಿತಕ್ಕಿರುವ ಗುಬ್ಬಿಗಳು) ಇರಲೇಬೇಕೆಂದು ಹೇಳುವುದಿಲ್ಲ. ಗಟ್ಟಿ ನೆಲದಲ್ಲಂತೂ ಉದ್ದ ಸ್ಟಡ್ಡುಗಳು ಮಣ್ಣಿಗೆ ಇಳಿಯದೆ ಅಂಗಾಲನ್ನು ಒತ್ತುತ್ತವೆ. ಹಿಡಿತವಿರುವ ರಬ್ಬರ್ ಅಡಿಯ ಸಾಧಾರಣ ಷೂ ಅಲ್ಲಿ ಹೆಚ್ಚು ಅನುಕೂಲ. ನಾಳಿನ ಅಭ್ಯಾಸದಲ್ಲೇ ಇದನ್ನು ಮಕ್ಕಳಿಗೆ ಹೇಳಿಬಿಡಿ. ಬೆಳೆಯುವ ಕಾಲಿಗೆ ಬೂಟು ಹರಿಯುವ ಮೊದಲೇ ಬಿಗಿಯಾಗುವುದರಿಂದ, ಹಿರಿಯ ಮಕ್ಕಳು ಬಿಟ್ಟ ಜೋಡಿಗಳನ್ನು ತೊಳೆದು, ಒಣಗಿಸಿ, ಹಿಮ್ಮಡಿಯ ಮೇಲೆ ಅಳತೆ ಬರೆದು ಶಾಲೆಯ ಕಪಾಟಿನಲ್ಲಿ ಇಡಬಹುದು. ಆದರೆ ಅದನ್ನು ಎಲ್ಲರಿಗೂ ತೆರೆದಿಡಿ. ಇಲ್ಲದವರನ್ನಷ್ಟೇ ಹೆಸರು ಹಿಡಿದು ಕರೆದರೆ ಮಗು ಬೂಟನ್ನೂ ಬಿಡುತ್ತದೆ, ಆಟವನ್ನೂ ಬಿಡುತ್ತದೆ.

ಇನ್ನು ಹಣದ ದೊಡ್ಡ ಪಾಲು ಚೆಂಡಿಗೆ ಹೋಗಲಿ. ಹದಿನಾರು ಮಕ್ಕಳಿಗೆ ಎರಡೇ ಚೆಂಡಿದ್ದರೆ ಅಭ್ಯಾಸದ ಹೆಚ್ಚು ಹೊತ್ತು ಸಾಲಿನಲ್ಲಿ ನಿಲ್ಲುವುದರಲ್ಲೇ ಕಳೆಯುತ್ತದೆ, ಕಾಲಿಗೆ ಚೆಂಡು ತಾಗದೆ ಆಟ ಕೈಗೂಡುವುದಿಲ್ಲ. ಇಬ್ಬರಿಗೆ ಒಂದರಂತೆ ಒದಗಿಸಲು ಪ್ರಯತ್ನಿಸಿ. ನಿಮ್ಮ ಮಕ್ಕಳ ವಯಸ್ಸಿಗೆ ಬೇಕಾದುದು 4ನೇ ಸೈಜು, ಅದರ ತೂಕ 350ರಿಂದ 390 ಗ್ರಾಂ. ದೊಡ್ಡವರ 5ನೇ ಸೈಜು 410ರಿಂದ 450 ಗ್ರಾಂ ಇರುತ್ತದೆ. ಮುಂದಕ್ಕೂ ಆಗಲಿ ಎಂದು ದೊಡ್ಡದನ್ನೇ ಕೊಂಡರೆ ಪುಟ್ಟ ಕಾಲು ತಪ್ಪು ಒದೆತವನ್ನೇ ರೂಢಿ ಮಾಡಿಕೊಳ್ಳುತ್ತದೆ. ಫಿಫಾ ಗುಣಮಟ್ಟದ ಮುದ್ರೆಯುಳ್ಳ ಚೆಂಡು ಅಭ್ಯಾಸಕ್ಕೆ ಬೇಕಿಲ್ಲ. ಒಳಗಿನ ಬ್ಲಾಡರ್, ಅಂದರೆ ಗಾಳಿ ತುಂಬುವ ಚೀಲ, ಬ್ಯುಟೈಲ್ ರಬ್ಬರಿನದೇ ಎಂದು ಮಾತ್ರ ಕೇಳಿ, ಏಕೆಂದರೆ ಅದು ಲೇಟೆಕ್ಸ್ ರಬ್ಬರಿಗಿಂತ ಹೆಚ್ಚು ದಿನ ಗಾಳಿ ಹಿಡಿದಿಡುತ್ತದೆ.

ಚೆಂಡು ಬೇಗ ಹಾಳಾಗುವುದಕ್ಕೆ ಎಷ್ಟೋ ಸಲ ಕಾರಣ ಒದೆತವಲ್ಲ, ಪಂಪಿನ ಸೂಜಿ. ಒಣ ಸೂಜಿಯನ್ನು ಓರೆಯಾಗಿ ಚುಚ್ಚಿದರೆ ವಾಲ್ವಿನ ರಬ್ಬರ್ ಸೀಳುತ್ತದೆ, ಆಮೇಲೆ ಎಷ್ಟು ಗಾಳಿ ಹೊಡೆದರೂ ಸಂಜೆಯೊಳಗೆ ಚೆಂಡು ಮೆತ್ತಗಾಗುತ್ತದೆ. ಸೂಜಿಯ ತುದಿಗೆ ಒಂದು ಹನಿ ನೀರು ಅಥವಾ ಗ್ಲಿಸರಿನ್ ಸವರಿ, ನೇರವಾಗಿ ನಿಧಾನಕ್ಕೆ ಇಳಿಸಲು ಒಬ್ಬಿಬ್ಬರು ಮಕ್ಕಳಿಗೆ ಕಲಿಸಿ, ಆ ಕೆಲಸವನ್ನು ಅವರಿಗೇ ವಹಿಸಿ.

ಜೆರ್ಸಿಯ ವಿಷಯದಲ್ಲಿ ಕೈ ಬಿಗಿಹಿಡಿಯಬಹುದು. ಒಂದೇ ಬಣ್ಣದ ಅಂಗಿಗಳು, ಎದುರು ತಂಡದ ಬಣ್ಣವೂ ಅದೇ ಆದ ದಿನಕ್ಕೆ ಅಂಗಿಯ ಮೇಲೆ ತೊಡುವ ಬೇರೆ ಬಣ್ಣದ ತೋಳಿಲ್ಲದ ಬಿಬ್‌ಗಳು, ಗೋಲ್‌ಕೀಪರಿಗೆ ಬೇರೆ ಬಣ್ಣದ ಒಂದು ಅಂಗಿ ಇದ್ದರೆ ಸಾಕು. ಬೆನ್ನಿಗೆ ಸಂಖ್ಯೆ ಇರಲಿ, ಮಗುವಿನ ಹೆಸರಾಗಲಿ ಇಸವಿಯಾಗಲಿ ಬೇಡ. ಆಗ ಅದೇ ಅಂಗಿ ಮುಂದಿನ ವರ್ಷದ ತಂಡಕ್ಕೂ ಒದಗುತ್ತದೆ.

ಎರಡು ಕಡೆ ಮಾತ್ರ ಉಳಿತಾಯದ ಯೋಚನೆಯೇ ಬೇಡವೆಂದು ಕೇಳಿಕೊಳ್ಳುತ್ತೇನೆ. ಶಿನ್ ಗಾರ್ಡ್ ಪ್ರತಿ ಮಗುವಿನ ಮೊಣಕಾಲ ಕೆಳಗಿನ ಮೂಳೆಯನ್ನು ಮುಚ್ಚುವ ಅಳತೆಯದೇ ಆಗಿರಬೇಕು, ರಟ್ಟಿನ ತುಂಡು ಅದಕ್ಕೆ ಬದಲಾಗದು. ಇನ್ನೊಂದು, ಎತ್ತಿ ಸಾಗಿಸುವ ಗೋಲು, ಅಂದರೆ ಗೋಲು ಕಂಬಗಳ ಚೌಕಟ್ಟು. ನೆಲಕ್ಕೆ ಬಿಗಿಯದ ಗೋಲು ಮಗುಚಿಬಿದ್ದು ಅದರಡಿ ಸಿಕ್ಕ ಮಕ್ಕಳು ಪ್ರಾಣ ಕಳೆದುಕೊಂಡದ್ದುಂಟು. ಗೂಟ ಹೊಡೆದು ಬಿಗಿಯಲು ಅಥವಾ ಹಿಂದಿನ ಚೌಕಟ್ಟಿಗೆ ಸಾಕಷ್ಟು ಭಾರ ಕಟ್ಟಲು ಆಗದಿದ್ದರೆ ಅದನ್ನು ಕೊಳ್ಳಲೇಬೇಡಿ. ಅಲ್ಲಿಯವರೆಗೆ ಎರಡು ಪ್ಲಾಸ್ಟಿಕ್ ಕೋನ್ ಇಟ್ಟು ಆಡಿಸಿ.