ಟೊರೆಸ್ ಡೆಲ್ ಪೈನೆಯ ಗಾಳಿಗೆ ಕಾರವಾರದಲ್ಲೇ ತಯಾರಾಗಬಹುದಾ?

ನಿಮ್ಮ ಮನೆ ಕಾರವಾರ. ಸಹ್ಯಾದ್ರಿಯಲ್ಲಿ ಒಂದು ದಿನದ ಚಾರಣ ಸಾಕಷ್ಟು ಮಾಡಿದ್ದೀರಿ. ಮುಂದಿನ ಜನವರಿಯಲ್ಲಿ ಚಿಲಿ ದೇಶದ ಟೊರೆಸ್ ಡೆಲ್ ಪೈನೆ ರಾಷ್ಟ್ರೀಯ ಉದ್ಯಾನದಲ್ಲಿ ಟೆಂಟ್ ಹೊತ್ತು, ನಕ್ಷೆಯಲ್ಲಿ W ಅಕ್ಷರದಂತೆ ಕಾಣುವ ‘ಡಬ್ಲ್ಯು’ ಹಾದಿ ನಡೆಯುವ ಆಸೆ. ಆದರೆ ಅಲ್ಲಿನ ಗಾಳಿಯ ವಿಡಿಯೊ ನೋಡಿ ದಿಗಿಲಾಗಿದೆ, ಹಿಮಾಲಯಕ್ಕೆ ಹೋಗದೆ ಇಲ್ಲೇ ತಯಾರಾಗಬಹುದಾ ಎಂದು ಕೇಳಿದ್ದೀರಿ.

ಖಂಡಿತ ಆಗಬಹುದು. ನಾನು ಶಿರಸಿಯವನು, ಆ ಹಾದಿ ನಡೆದು ಬಂದಿದ್ದೇನೆ. ನಮ್ಮ ಜೂನ್-ಜುಲೈ ಮಳೆಗಾಲಕ್ಕಿಂತ ಒಳ್ಳೆಯ ತಾಲೀಮು ಇನ್ನೊಂದಿಲ್ಲ.

ಮೊದಲು ಎತ್ತರದ ಚಿಂತೆ ಬಿಡಿ. ಡಬ್ಲ್ಯು ಅಂದರೆ ಸುಮಾರು 80 ಕಿಲೋಮೀಟರ್, ನಾಲ್ಕೈದು ದಿನದ ನಡಿಗೆ. ಅದು ಎಲ್ಲೂ ಸಾವಿರ ಮೀಟರ್ ದಾಟುವುದಿಲ್ಲ. ಬೆಟ್ಟವನ್ನು ಪೂರ್ತಿ ಸುತ್ತುವ ‘ಓ’ ಹಾದಿಯಲ್ಲೂ ಎಲ್ಲಕ್ಕಿಂತ ಎತ್ತರದ ಜಾನ್ ಗಾರ್ಡನರ್ ಪಾಸ್ ಸುಮಾರು 1,200 ಮೀಟರ್ ಅಷ್ಟೇ. ಅಲ್ಲಿ ಜನರನ್ನು ಹಣ್ಣುಗಾಯಿ ಮಾಡುವುದು ಗಾಳಿ.

ಆ ಜಾಗ ಇರುವುದು ದಕ್ಷಿಣ ಅಕ್ಷಾಂಶ 51 ಡಿಗ್ರಿ ಹತ್ತಿರ. ಅಷ್ಟು ದಕ್ಷಿಣದಲ್ಲಿ ಭೂಮಿಯ ಸುತ್ತ ಹೆಚ್ಚುಕಡಿಮೆ ಬರೀ ಸಮುದ್ರ. ಪಶ್ಚಿಮದಿಂದ ಬರುವ ಗಾಳಿಗೆ ದಾರಿಯಲ್ಲಿ ಸಿಗುವ ಅಡ್ಡಿ ಆಂಡಿಸ್ ಪರ್ವತ ಮಾತ್ರ. ಮಳೆ, ಹಿಮದ ಬಹುಪಾಲನ್ನು ಪಶ್ಚಿಮಕ್ಕೇ ಸುರಿದು, ಹಿಮದ ಬಯಲು ದಾಟಿ, ಕಣಿವೆಗಳಲ್ಲಿ ನುಗ್ಗಿ ಈ ಕಡೆ ಇಳಿಯುತ್ತದೆ. ನಮ್ಮ ಘಟ್ಟ ಮಳೆಯನ್ನು ತಾನು ಹಿಡಿದುಕೊಂಡು ಹುಬ್ಬಳ್ಳಿ ಕಡೆಗೆ ಗಾಳಿ ಕಳಿಸುತ್ತದಲ್ವಾ, ಅದೇ ಲೆಕ್ಕ. ಡಿಸೆಂಬರ್, ಜನವರಿ ಅಲ್ಲಿ ಬೇಸಿಗೆ, ಗಾಳಿ ಜೋರಾಗಿರುವ ಕಾಲವೂ ಅದೇ. ಗಂಟೆಗೆ 100 ಕಿಲೋಮೀಟರ್ ಮೀರಿದ ಹೊಡೆತ ಅಪರೂಪವಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ರಜೆ ಹೊಂದಿಸಿಕೊಳ್ಳಲು ಆಗುವುದಾದರೆ ಮಾರ್ಚ್‌ಗೆ ಹೋಗಿ ಅನ್ನುವುದು ನನ್ನ ಮಾತು. ಆಗ ಗಾಳಿ ಸ್ವಲ್ಪ ತಗ್ಗಿರುತ್ತದೆ, ಜನವೂ ಕಡಿಮೆ.

ಈ ಗಾಳಿ ಒಂದೇ ಸಮ ಬೀಸುವುದಿಲ್ಲ, ಬಿಟ್ಟು ಬಿಟ್ಟು ಹೊಡೆಯುತ್ತದೆ. ನೊರ್ಡೆನ್‌ಷೋಲ್ಡ್ ಸರೋವರದ ದಂಡೆಯ ಹಾದಿಯಲ್ಲಿ ಅದು ಬರುವುದು ಕಣ್ಣಿಗೇ ಕಾಣುತ್ತದೆ. ದೂರದಲ್ಲಿ ನೀರು ಬೆಳ್ಳಗಾಗುತ್ತದೆ. ಆ ಬಿಳಿ ಪಟ್ಟೆ ತುಂತುರು ಎಬ್ಬಿಸಿಕೊಂಡು ನಿಮ್ಮ ಕಡೆಗೇ ಓಡಿ ಬರುತ್ತದೆ. ಅಷ್ಟರೊಳಗೆ ಕಾಲು ಅಗಲಿಸಿ, ಎರಡೂ ಕೋಲು ನೆಲಕ್ಕೆ ಊರಿ, ಮೊಣಕಾಲು ಬಗ್ಗಿಸಿ ನಿಲ್ಲಬೇಕು. ತೀರಾ ಜೋರಾಗಿದ್ದರೆ ಸುಮ್ನೆ ಕೂತುಬಿಡಿ. ಅದು ದಾಟಿ ಹೋದ ಮೇಲೆ ಎದ್ದು ನಡೆದರಾಯಿತು.

ಈಗ ಇಲ್ಲಿನ ತಯಾರಿ. ಟೆಂಟ್ ಈಗಲೇ ತೆಗೆದುಕೊಳ್ಳಿ, ಮಳೆಗಾಲದ ಒಳಗೆ ಕೈಗೆ ಬರಲಿ. ಗಾಳಿ ಬಿಡದೆ ಬೀಸುವ ದಿನ ಮನೆಯಂಗಳದಲ್ಲೋ ಗದ್ದೆಬಯಲಲ್ಲೋ ಒಬ್ಬರೇ ಅದನ್ನು ನಿಲ್ಲಿಸಿ ನೋಡಿ. ಗುಡುಗು-ಸಿಡಿಲಿದ್ದರೆ ಬೇಡ, ಕಡಲಂಚಿಗೂ ಹೋಗಬೇಡಿ. ಕಿರಿದಾದ ತುದಿ ಗಾಳಿಗೆ ಎದುರಾಗಿರಲಿ. ಗಾಳಿ ಬರುವ ಕಡೆಯ ಗೂಟ ಮೊದಲು ಹೊಡೆಯಿರಿ, ಆಮೇಲೆ ಕಂಬಿ ಏರಿಸಿ. ಗೂಟದ ತಲೆ ಟೆಂಟಿನಿಂದ ಹೊರಕ್ಕೆ ವಾಲಿರಬೇಕು. ಜೊತೆಗೆ ಬಂದ ಹಗ್ಗಗಳನ್ನು ಒಂದೂ ಬಿಡದೆ ಕಟ್ಟಿ. ನೈಲಾನ್ ನೆನೆದರೆ ಸಡಿಲವಾಗುತ್ತದೆ, ಹಾಗಾಗಿ ಮಲಗುವ ಮೊದಲು ಇನ್ನೊಮ್ಮೆ ಬಿಗಿ ಮಾಡಿ. ಅಲ್ಲಿ ಕೆಲವು ಕ್ಯಾಂಪ್‌ಗಳಲ್ಲಿ ಟೆಂಟ್ ಹಾಕುವುದು ಮರದ ಹಲಗೆ ಮೇಲೆ. ಗೂಟ ಇಳಿಯುವುದಿಲ್ಲ, ಹಗ್ಗ ಕಟ್ಟಬೇಕು. ಹತ್ತಿಪ್ಪತ್ತು ಅಡಿ ಗಟ್ಟಿ ಹಗ್ಗ ಹೆಚ್ಚಿಗೆ ಇರಲಿ.

ಬ್ಯಾಗಿನ ಮೇಲಿನ ರೇನ್ ಕವರ್ ನಂಬಬೇಡಿ, ಹಾರಿಹೋಗುತ್ತದೆ. ಸಾಮಾನನ್ನೆಲ್ಲ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಆ ಚೀಲವನ್ನೇ ಬ್ಯಾಗಿನೊಳಗೆ ಇಡಿ. ಮೈಮೇಲೆ ಸಡಿಲವಾಗಿ ಹೊದೆಯುವ ಪಾಂಚೊ, ಕೊಡೆ ಎರಡೂ ಉಪಯೋಗವಿಲ್ಲ.

ಕಾಲಿಗೆ ಬೇಕಾದ್ದು ಸಾಲಾಗಿ ದಿನಾ ನಡೆಯುವ ರೂಢಿ. ಒಂದು ದಿನ ಕಾರವಾರದ ಗುಡ್ಡಳ್ಳಿ ಬೆಟ್ಟ ಹತ್ತಿಳಿದು ಮನೆಯಲ್ಲಿ ಮಲಗಿದರೆ ಅದು ಬರುವುದಿಲ್ಲ. ಮಳೆ ನಿಂತ ಮೇಲೆ ಪೂರ್ತಿ ಭಾರ ಹೊತ್ತು ಕುಮಟಾದಿಂದ ಗೋಕರ್ಣಕ್ಕೆ ಕಡಲ ದಂಡೆಯಲ್ಲೇ ನಡೆಯಿರಿ. ಅಘನಾಶಿನಿಯಲ್ಲಿ ದೋಣಿ ಹತ್ತಿ ತದಡಿಗೆ ದಾಟಿ, ಬೇಲೆಕಾನ ಮೂಲಕ ಓಂ ಬೀಚ್ ಕಡೆ ಬನ್ನಿ. ಮರಳು, ಬಂಡೆ, ಏರಿಳಿತ ಎಲ್ಲ ಸಿಗುತ್ತದೆ. ಮರುದಿನ ಬೆಳಿಗ್ಗೆ ಅದೇ ಭಾರ ಹೊತ್ತು ಮತ್ತೆ ಹೊರಡಿ. ಹೆಗಲು ಎಲ್ಲಿ ಉಜ್ಜುತ್ತದೆ, ಶೂ ಎಲ್ಲಿ ಕಚ್ಚುತ್ತದೆ ಅನ್ನುವುದು ಆಗಲೇ ಗೊತ್ತಾಗುವುದು. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಮಾತ್ರ ಅನುಮತಿಯಿಲ್ಲದೆ ಕಾಲಿಡಬೇಡಿ, ದಯವಿಟ್ಟು.

ನಮ್ಮ ಮಳೆಗಾಲ ಕಲಿಸದ ಒಂದು ವಿಷಯ ಇದೆ. ಅದು ಚಳಿ. ಇಲ್ಲಿ ಇಡೀ ದಿನ ನೆನೆದರೂ ಮನೆಗೆ ಬಂದು ಬಿಸಿ ನೀರು ಹೊಯ್ದುಕೊಂಡರೆ ಮುಗಿಯಿತು. ಅಲ್ಲಿ ಬೇಸಿಗೆಯ ರಾತ್ರಿಯೂ ಸೊನ್ನೆ ಡಿಗ್ರಿ ಹತ್ತಿರಕ್ಕೆ ಇಳಿಯಬಹುದು. ಒದ್ದೆ ಮೈಗೆ ಆ ಗಾಳಿ ತಾಗಿದರೆ ಮೈಬಿಸಿ ಬೇಗ ಇಳಿಯುತ್ತದೆ. ನಡುಕ, ಮಾತು ತೊದಲುವುದು, ಕೈ ಸರಿಯಾಗಿ ಆಡದಿರುವುದು ಶುರುವಾದರೆ ಅದು ಅಪಾಯದ ಗುರುತು. ಹತ್ತಿ ಬಟ್ಟೆ ಒಂದೂ ಬೇಡ. ಉಣ್ಣೆ ಅಥವಾ ಸಿಂಥೆಟಿಕ್ ಬಟ್ಟೆ ಇರಲಿ. ಮಲಗಲು ಒಂದು ಜೊತೆ ಒಣ ಬಟ್ಟೆ ಮುಚ್ಚಿಟ್ಟುಕೊಂಡು, ಏನೇ ಆದರೂ ಹಗಲಲ್ಲಿ ಮುಟ್ಟಬೇಡಿ.

ಊಟಕ್ಕೆ ಅವಲಕ್ಕಿ, ಚಟ್ನಿಪುಡಿ ಒಯ್ಯಬಹುದು, ವಿಮಾನ ಇಳಿದಾಗ ಫಾರ್ಮ್‌ನಲ್ಲಿ ಬರೆದು ತೋರಿಸಿ. ನಮ್ಮ ಕಡೆಯವರಿಗೆ ಜೇನುತುಪ್ಪ ಒಯ್ಯುವ ಆಸೆ ಇರುತ್ತದೆ. ಜೇನು, ಹಣ್ಣು, ಬಿತ್ತನೆ ಬೀಜ ಬೇಡ, ಚಿಲಿ ಬಹಳ ಕಟ್ಟುನಿಟ್ಟು. ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡುವುದಿಲ್ಲ, ಪುಯೆರ್ಟೊ ನಟಾಲೆಸ್ ಊರಿನಲ್ಲಿ ಸಿಗುತ್ತದೆ. ಒಲೆ ಹಚ್ಚುವುದು ಗೊತ್ತುಮಾಡಿದ ಜಾಗದಲ್ಲಿ ಮಾತ್ರ. 2005ರಲ್ಲಿ ಪ್ರವಾಸಿಯೊಬ್ಬರ ಒಲೆಯಿಂದ ಹೊತ್ತಿದ ಬೆಂಕಿ ಈ ಗಾಳಿಗೆ ಸಾವಿರಾರು ಹೆಕ್ಟೇರ್ ಸುಟ್ಟಿತು. 2011ರ ಕೊನೆಯಲ್ಲಿ ಹತ್ತಿದ ಇನ್ನೊಂದು ಬೆಂಕಿ ಸುಮಾರು 17,000 ಹೆಕ್ಟೇರ್ ತಿಂದಿತು. ಸುಟ್ಟು ಬೆಳ್ಳಗಾಗಿ ನಿಂತ ಮರಗಳ ನಡುವೆ ನೀವೇ ನಡೆಯುತ್ತೀರಿ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಕ್ಯಾಂಪ್ ಬುಕಿಂಗ್ ತಿಂಗಳುಗಳ ಮೊದಲೇ ಮಾಡಿ. ಬುಕಿಂಗ್ ಇಲ್ಲದೆ ಎಲ್ಲೆಂದರಲ್ಲಿ ಟೆಂಟ್ ಹಾಕಲು ಬಿಡುವುದಿಲ್ಲ. ವಾಪಸ್ ವಿಮಾನಕ್ಕೆ ಮೊದಲು ಒಂದು ದಿನ ಖಾಲಿ ಬಿಟ್ಟುಕೊಳ್ಳಿ. ಗಾಳಿ ಜಾಸ್ತಿಯಾದರೆ ಪೆಹೊಯೆ ಸರೋವರ ದಾಟಿಸುವ ದೋಣಿ ಹೊರಡುವುದೇ ಇಲ್ಲ.