ಬಹು ಆಯ್ಕೆಯ ಪ್ರಶ್ನೆ ಸರಿಯಾಗಿತ್ತೇ ಎಂದು ಪರೀಕ್ಷೆ ಮುಗಿದ ಮೇಲೆ ತಿಳಿಯುವುದು ಹೇಗೆ?

ಉತ್ತರ ಪತ್ರಿಕೆಗಳನ್ನು ಒಟ್ಟು ಅಂಕದ ಇಳಿಕೆ ಕ್ರಮದಲ್ಲಿ ಜೋಡಿಸಿ, ಮೇಲಿನ 27% ಮತ್ತು ಕೆಳಗಿನ 27% ಬೇರೆ ಮಾಡಿಕೊಳ್ಳಿ. ತರಗತಿ ತೀರಾ ಚಿಕ್ಕದಿದ್ದರೆ ಸರಿಯಾಗಿ ಅರ್ಧ ಮಾಡಿದರೂ ನಡೆಯುತ್ತದೆ.

40 ಮಕ್ಕಳಿದ್ದರೆ ಗುಂಪಿಗೆ 11 ಜನ. ಒಂದು ಪ್ರಶ್ನೆಗೆ ಮೇಲಿನ ಗುಂಪಿನಲ್ಲಿ 9, ಕೆಳಗಿನದರಲ್ಲಿ 4 ಮಂದಿ ಸರಿ ಉತ್ತರ ಕೊಟ್ಟಿದ್ದಾರೆ ಎನ್ನಿ. ಸುಲಭತೆ, ಅಂದರೆ ಎರಡೂ ಗುಂಪು ಸೇರಿ ಸರಿ ಉತ್ತರ ಕೊಟ್ಟವರ ಪಾಲು, 13/22 = 0.59. ಭೇದಕ ಸೂಚ್ಯಂಕ, ಅಂದರೆ ಹೆಚ್ಚು ಅಂಕದವರನ್ನೂ ಕಡಿಮೆ ಅಂಕದವರನ್ನೂ ಪ್ರಶ್ನೆ ಎಷ್ಟು ಬೇರ್ಪಡಿಸುತ್ತದೆ ಎಂಬ ಅಳತೆ, (9−4)/11 = 0.45. ಇದು 0.40 ದಾಟಿದರೆ ಪ್ರಶ್ನೆ ಚೆನ್ನಾಗಿದೆ, 0.20ಕ್ಕಿಂತ ಕೆಳಗಿದ್ದರೆ ತಿದ್ದಬೇಕು. ಋಣ ಸಂಖ್ಯೆ ಬಂದರೆ ಮೊದಲು ಕೀ ಉತ್ತರವನ್ನೇ ಪರಿಶೀಲಿಸಿ. ಅದು ತಪ್ಪಿರಬಹುದು, ಇಲ್ಲವೇ ಎರಡು ಆಯ್ಕೆಗಳು ಸರಿಯಿರಬಹುದು.

ಇಷ್ಟಕ್ಕೇ ನಿಲ್ಲಿಸಬೇಡಿ. ನಿಜವಾದ ಪ್ರಯೋಜನ ತಪ್ಪು ಆಯ್ಕೆಗಳನ್ನು ಎಣಿಸುವುದರಲ್ಲಿದೆ. 1/2 + 1/3 ಎಷ್ಟು ಎಂಬುದಕ್ಕೆ ಬಹಳ ಮಕ್ಕಳು 2/5 ಗುರುತಿಸಿದ್ದರೆ, ಅವರು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದಾರೆ. ನಾಳೆ ಏನನ್ನು ಮತ್ತೆ ಕಲಿಸಬೇಕೆಂದು ಅಲ್ಲೇ ಗೊತ್ತಾಗುತ್ತದೆ. ಯಾರೂ ಮುಟ್ಟದ ಆಯ್ಕೆಯನ್ನು ಬದಲಿಸಿ, ಅದು ಬರೀ ಜಾಗ ತುಂಬಿಸುತ್ತಿದೆ.

11 ಜನರ ಗುಂಪಿನಲ್ಲಿ ಒಂದು ಮಗುವಿನ ಉತ್ತರ ಬದಲಾದರೂ ಸೂಚ್ಯಂಕ 0.09 ಜಗ್ಗುತ್ತದೆ. ಹಾಗಾಗಿ ಒಂದೇ ಪರೀಕ್ಷೆ ನೋಡಿ ಪ್ರಶ್ನೆಯನ್ನು ಕೈಬಿಡುವುದು ಬೇಡ. ಎಲ್ಲರೂ ಸರಿ ಮಾಡಿದ ಪ್ರಶ್ನೆಗೆ ಭೇದಕ ಸೂಚ್ಯಂಕ ಸೊನ್ನೆಯೇ ಬರುತ್ತದೆ. ಅದು ಎಲ್ಲರೂ ಕಲಿಯಲೇಬೇಕಾದ ಮೂಲ ಕೌಶಲವಾಗಿದ್ದರೆ ಹಾಗೇ ಉಳಿಸಿಕೊಳ್ಳಿ.