ಹಳೇ ಪಿನ್‌ಬಾಲ್ ಮಷಿನ್‌ನ ಸೈಡ್ ರೈಲ್ ಜಪ್ಪಯ್ಯ ಅಂದರೂ ಏಳುತ್ತಿಲ್ಲ, ಏನು ಮಾಡಲಿ?

ನೀವು ಕೇಳಿರುವುದು ಇಷ್ಟು: 1970ರ ದಶಕದ ಗಾಟ್ಲೀಬ್ ಕಂಪನಿಯ ಪಿನ್‌ಬಾಲ್ ಮಷಿನ್, ಅಂದರೆ ಗಾಜಿನ ಅಡಿಯಲ್ಲಿ ಸ್ಟೀಲ್ ಗುಂಡು ಹೊಡೆದು ಆಡುವ ಕಾಸಿನ ಆಟದ ಯಂತ್ರ, ಕೊಂಡಿದ್ದೀರಿ. ಅದರ ಮರದ ಪೆಟ್ಟಿಗೆಗೆ, ಅಂದರೆ ಕ್ಯಾಬಿನೆಟ್‌ಗೆ, ಹೊಸದಾಗಿ ಬಣ್ಣ ಹೊಡೆಯಬೇಕು. ಕಣ್ಣಿಗೆ ಕಂಡ ಸ್ಕ್ರೂ, ಬೋಲ್ಟ್ ಎಲ್ಲ ಬಿಚ್ಚಾಯಿತು. ಆದರೂ ಎರಡು ಬದಿಯ ಸ್ಟೀಲ್ ಪಟ್ಟಿ, ಅಂದರೆ ಸೈಡ್ ರೈಲ್, ಅಲ್ಲಾಡುತ್ತಿಲ್ಲ. ಚಿಕ್ಕ ಹಾರೆ ಹಾಕಿ ಮೀಟಬಹುದಾ?

ದಯವಿಟ್ಟು ಮೀಟಬೇಡಿ. ಹಾರೆ ಹಾಕಿದರೆ ರೈಲ್ ಏಳುವ ಮುಂಚೆ ಪ್ಲೈವುಡ್‌ನ ಮೇಲಿನ ಪದರ ಎದ್ದು ಬರುತ್ತದೆ. ಅದರ ಜೊತೆಗೆ ಐವತ್ತು ವರ್ಷದ ಹಿಂದೆ ಫ್ಯಾಕ್ಟರಿಯಲ್ಲಿ ಸ್ಟೆನ್ಸಿಲ್ ಇಟ್ಟು ಹೊಡೆದ ಬಣ್ಣವೂ ಬರುತ್ತದೆ. ಎಷ್ಟೋ ಮಾಡೆಲ್‌ಗಳಿಗೆ ಹೊಸ ಸೈಡ್ ರೈಲ್ ಈಗಲೂ ಮಾಡಿ ಮಾರುತ್ತಾರೆ. ಆ ಮರವನ್ನು ಯಾರೂ ಮಾರುವುದಿಲ್ಲ. ಎರಡರಲ್ಲಿ ಒಂದು ಹಾಳಾಗಲೇಬೇಕು ಅಂತಾದರೆ ಲೋಹ ಹಾಳಾಗಲಿ, ಮರ ಉಳಿಯಲಿ. ಕೆಳಗೆ ಹೇಳುವುದೆಲ್ಲ ಇದೇ ಲೆಕ್ಕದಲ್ಲಿ.

ಅದಕ್ಕೂ ಮುಂಚೆ ಒಂದು ಮಾತು. ನಿಮ್ಮದು ಬಣ್ಣದ ಕೆಲಸ, ಹಾಗಾಗಿ ರೈಲ್ ತೆಗೆಯುವುದು ಸರಿ. ಬರೀ ಪ್ಲೇಫೀಲ್ಡ್ (ಗುಂಡು ಓಡಾಡುವ ಹಲಗೆ) ತೊಳೆದು ರಬ್ಬರ್, ಬಲ್ಬ್ ಬದಲಾಯಿಸುವವರು ಇದನ್ನು ಓದುತ್ತಿದ್ದರೆ ಸೈಡ್ ರೈಲ್ ಮುಟ್ಟುವ ಅಗತ್ಯವೇ ಇಲ್ಲ. ಸುಮ್ನೆ ಇದ್ದುದನ್ನು ಕೀಳಬೇಡಿ.

ರೈಲ್ ಏಳುತ್ತಿಲ್ಲ ಅಂದರೆ ಅದನ್ನು ಇನ್ನೂ ಏನೋ ಹಿಡಿದುಕೊಂಡಿದೆ. ಬಲ ಹಾಕುವ ಬದಲು ಅದೇನು ಅಂತ ಹುಡುಕಬೇಕು. ನಾನಿರುವುದು ಶಿಕಾಗೋ ಹತ್ತಿರ. ಈ ಮಷಿನ್‌ಗಳನ್ನು ಮಾಡುತ್ತಿದ್ದ ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಮೂರೂ ಈ ಊರಿನ ಕಂಪನಿಗಳೇ. 1950ರ ದಶಕದ ಮಷಿನ್‌ಗಳಲ್ಲಿ ಈ ಅಂಚು ಮರದ್ದೇ ಇರುತ್ತಿತ್ತು. ಬಾರ್‌ಗಳಲ್ಲಿ ಜನ ಉರಿಯುವ ಸಿಗರೇಟನ್ನು ಅದರ ಮೇಲೆಯೇ ಇಟ್ಟು ಆಡುತ್ತಿದ್ದರು. ಆ ಸುಟ್ಟ ಗುರುತು ಈಗಲೂ ಎಷ್ಟೋ ಮಷಿನ್ ಮೇಲೆ ಕಾಣುತ್ತದೆ. 1960ರ ಸುಮಾರಿಗೆ ಸ್ಟೀಲ್ ಬಂತು. ಇವೆಲ್ಲ ಕಾಸು ದುಡಿಯಲು ಮಾಡಿದ ಮಷಿನ್‌ಗಳು. ಮುಂದೆ ಯಾರೋ ಪ್ರೀತಿಯಿಂದ ಬಿಚ್ಚುತ್ತಾರೆ ಅಂತ ಯೋಚಿಸಿ ಯಾರೂ ಜೋಡಿಸಲಿಲ್ಲ. ಹಾಗಾಗಿಯೇ ಆ ಕಾಲದ ರೈಲ್‌ಗಳಿಗೆ ಸಾಮಾನ್ಯವಾಗಿ ಮೊಳೆ ಹೊಡೆದಿರುತ್ತಾರೆ. ನಿಮ್ಮ ರೈಲ್ ಹಿಡಿದಿರುವುದೂ ಬಹುಶಃ ಈ ಮೊಳೆಗಳೇ.

ಕೆಲಸ ಶುರು ಮಾಡುವ ಮುಂಚೆ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಒಳಗಿನ ಕೆಲವು ತಂತಿಗಳಲ್ಲಿ ಆಗಲೂ ಗೋಡೆಯ ಕರೆಂಟ್ ಇರಬಹುದು. ಕಾಯಿನ್ ಡೋರ್ (ಕಾಸು ಹಾಕುವ ಮುಂಬಾಗಿಲು) ಒಳಗಿನ ಲಿವರ್ ಎಳೆದು, ಗಾಜನ್ನು ಹಿಡಿದಿಡುವ ಮುಂದಿನ ಲಾಕ್‌ಡೌನ್ ಬಾರ್ ತೆಗೆಯಿರಿ, ಗಾಜನ್ನು ಹೊರಗೆ ಜಾರಿಸಿ. ಇದು ಟೆಂಪರ್ಡ್ ಗಾಜು. ಅದರ ಅಂಚು ಟೈಲ್ಸ್ ನೆಲಕ್ಕೆ ತಾಗಿದರೆ ಇಡೀ ಗಾಜು ಪುಡಿಪುಡಿ. ಕಾರ್ಪೆಟ್ ಮೇಲೋ ಮರದ ತುಂಡಿನ ಮೇಲೋ ನಿಲ್ಲಿಸಿ. ಫ್ಲಿಪ್ಪರ್ ಬಟನ್ (ಆಡುವಾಗ ಬದಿಯಲ್ಲಿ ಒತ್ತುವ ಗುಂಡಿ) ರೈಲ್ ಮೂಲಕ ಹಾದು ಹೋಗಿದ್ದರೆ ಒಳಗಿನಿಂದ ಅದರ ನಟ್ ಬಿಚ್ಚಿ. ಮುಂದಿನ ಮೂಲೆಗಳಲ್ಲಿ ಒಳಗಡೆ ಟಾರ್ಚ್ ಬಿಟ್ಟು ನೋಡಿ, ಹೊರಗಿಂದ ಕಾಣದ ನಟ್ ಅಲ್ಲಿ ಅಡಗಿರಬಹುದು. ರೈಲಿನ ಹಿಂದಿನ ತುದಿ ಯಾವುದಾದರೂ ಬ್ರಾಕೆಟ್ ಅಡಿಗೆ ಸಿಕ್ಕಿದೆಯಾ ಅಂತಲೂ ನೋಡಿಕೊಳ್ಳಿ.

ಈಗ ಟಾರ್ಚನ್ನು ಓರೆಯಾಗಿ ಹಿಡಿದು ರೈಲಿನ ಕೆಳಗಿನ ಅಂಚಿನುದ್ದಕ್ಕೂ ಬೆರಳು ಆಡಿಸಿ. ಕೊಳೆಯ ಅಡಿಯಲ್ಲಿ, ಕೆಲವು ಸಲ ಯಾರೋ ಬಳಿದ ಬಣ್ಣದ ಅಡಿಯಲ್ಲಿ, ಮೊಳೆಯ ಚಪ್ಪಟೆ ತಲೆಗಳು ಸಾಲಾಗಿ ಸಿಗುತ್ತವೆ. ಪ್ರತಿಯೊಂದರ ಪಕ್ಕ ಮಾಸ್ಕಿಂಗ್ ಟೇಪಿನ ಚೂರು ಅಂಟಿಸಿ ಗುರುತು ಮಾಡಿ. ಒಂದು ಮೊಳೆ ಮರೆತರೂ ರೈಲ್ ಅಲ್ಲಿಯೇ ಮಡಚಿಕೊಳ್ಳುತ್ತದೆ. ಒಮ್ಮೆ ಮಡಚಿದ ಸ್ಟೀಲನ್ನು ಎಷ್ಟೇ ತಟ್ಟಿದರೂ ಬೆಳಕಿನಲ್ಲಿ ಆ ಗೆರೆ ಕಾಣುತ್ತಲೇ ಇರುತ್ತದೆ.

ಆಮೇಲೆ ರೈಲ್ ಮತ್ತು ಮರ ಸೇರುವ ಗೆರೆಯುದ್ದಕ್ಕೂ ಚೂಪಾದ ಬ್ಲೇಡ್ ಎಳೆಯಿರಿ. ಹಳೇ ಬಣ್ಣ ಎರಡನ್ನೂ ಅಂಟಿಸಿಕೊಂಡಿರುತ್ತದೆ. ಗೆರೆ ಕೊಯ್ಯದೆ ಎತ್ತಿದರೆ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಅಮೆರಿಕದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ನಿಷೇಧವಾಗಿದ್ದು 1978ರಲ್ಲಿ. ನಿಮ್ಮ ಮಷಿನ್ ಅದಕ್ಕಿಂತ ಹಳೆಯದಾದರೆ ಬಣ್ಣದಲ್ಲಿ ಸೀಸ ಇರಬಹುದು ಅಂತಲೇ ಇಟ್ಟುಕೊಳ್ಳಿ. ಒಣ ಮರಳು ಕಾಗದದಿಂದ ಉಜ್ಜಬೇಡಿ, ಹೀಟ್ ಗನ್ನಿಂದ ಸುಡಬೇಡಿ, ಮಕ್ಕಳು ಓಡಾಡುವ ಜಾಗದಲ್ಲಿ ಈ ಕೆಲಸ ಮಾಡಬೇಡಿ.

ಇನ್ನು ಎತ್ತುವ ಕೆಲಸ. ಎರಡು ತೆಳ್ಳನೆಯ ಪುಟ್ಟಿ ಬ್ಲೇಡ್ ಬೇಕು. ಒಂದನ್ನು ಮರಕ್ಕೆ ಒತ್ತಿ ಒಳಗೆ ತೂರಿಸಿ. ಅದು ಅಲ್ಲೇ ಇರಲಿ, ಮರವನ್ನು ಕಾಯುವುದು ಅದರ ಕೆಲಸ. ಎರಡನೆಯದನ್ನು ಮೊದಲ ಬ್ಲೇಡ್ ಮತ್ತು ರೈಲ್ ನಡುವೆ, ಮೊಳೆಯ ಹತ್ತಿರಕ್ಕೆ ತೂರಿಸಿ ಮೆಲ್ಲಗೆ ತಿರುಗಿಸಿ. ರೈಲ್ ಎರಡು ಮೂರು ಮಿಲಿಮೀಟರ್ ಎದ್ದರೆ ಸಾಕು, ಮೊಳೆಯೂ ಅಷ್ಟೇ ಎದ್ದಿರುತ್ತದೆ. ಈಗ ಬ್ಲೇಡ್ ತೆಗೆದು ರೈಲನ್ನು ಕೈಯಿಂದ ಒತ್ತಿ ಮತ್ತೆ ಕೆಳಗೆ ಕೂರಿಸಿ. ರೈಲ್ ಕೂರುತ್ತದೆ, ಮೊಳೆಯ ತಲೆ ಮಾತ್ರ ಮೇಲೇ ನಿಲ್ಲುತ್ತದೆ! ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾಗುವ ಗಳಿಗೆ ಅದು. ತಲೆಯ ಅಡಿಗೆ ತೆಳ್ಳನೆ ತಗಡಿನ ಚೂರು ಕೊಟ್ಟು ಇಕ್ಕಳದಿಂದ ಹಿಡಿದು ಎಳೆಯಿರಿ. ಈ ಮೊಳೆಗಳ ಮೈ ನುಣ್ಣಗಿರುವುದಿಲ್ಲ, ತಿರುಪಿನ ಹಾಗೆ ತಿರುಚಿಕೊಂಡಿರುತ್ತದೆ, ಇಲ್ಲಾ ಸುತ್ತ ಬಳೆಬಳೆಯಾಗಿರುತ್ತದೆ. ಅದಕ್ಕೇ ಅಷ್ಟು ಬಿಗಿ. ಎಳೆಯುವಾಗ ಸ್ವಲ್ಪ ತಿರುಗಿಸುತ್ತಾ ಎಳೆದರೆ ಬೇಗ ಬರುತ್ತದೆ. ಒಂದು ತುದಿಯಿಂದ ಶುರು ಮಾಡಿ, ಒಂದು ಮೊಳೆ ಪೂರ್ತಿ ಬಂದ ಮೇಲೆ ಮುಂದಿನದು.

ತಲೆ ತುಕ್ಕು ಹಿಡಿದು ಸವೆದಿದ್ದರೆ ಇಕ್ಕಳಕ್ಕೆ ಸಿಗುವುದಿಲ್ಲ. ಆಗ ಡ್ರಿಲ್. ರೈಲ್ ಮೇಲೆ ಎರಡು ಮೂರು ಪದರ ಟೇಪ್ ಅಂಟಿಸಿ. ಮೊಳೆಯ ತಲೆಯ ನಡುಮಧ್ಯೆ ಸೆಂಟರ್ ಪಂಚ್‌ನಿಂದ ಗುಳಿ ಮಾಡಿ, ಇಲ್ಲದಿದ್ದರೆ ಬಿಟ್ ಜಾರಿ ಹೊಳೆಯುವ ಸ್ಟೀಲ್ ಮೇಲೆ ಗೀರು ಬೀಳುತ್ತದೆ. ಮೊಳೆಯ ಮೈಗಿಂತ ಸ್ವಲ್ಪ ದಪ್ಪ, ತಲೆಗಿಂತ ಸಣ್ಣ ಇರುವ ಬಿಟ್ ಹಾಕಿ ನಿಧಾನ ವೇಗದಲ್ಲಿ ಕೊರೆಯಿರಿ. ತಲೆ ಬೇರೆಯಾದ ತಕ್ಷಣ ನಿಲ್ಲಿಸಿ. ರೈಲ್ ಎದ್ದು ಬರುತ್ತದೆ. ಉಳಿದ ಮೊಳೆಯನ್ನು ಲಾಕಿಂಗ್ ಪ್ಲೈಯರ್‌ನಲ್ಲಿ ಕಚ್ಚಿ ಹಿಡಿದು ತಿರುಗಿಸಿ ತೆಗೆಯಿರಿ.

ಎಲ್ಲಾದರೂ ತುಕ್ಕು ಹಿಡಿದ ಸ್ಕ್ರೂ ಉಳಿದಿದ್ದರೆ, ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಬೇಡಿ. ಎಷ್ಟೋ ಜನ ಮೊದಲು ಮಾಡುವುದೇ ಅದು. ಎಣ್ಣೆ ಪ್ಲೈವುಡ್ ಒಳಗೆ ಇಳಿಯುತ್ತದೆ, ಆಮೇಲೆ ಅಲ್ಲಿ ಬಣ್ಣ ಕೂರುವುದೇ ಇಲ್ಲ. ಅದರ ಬದಲು ಸ್ಕ್ರೂ ತಲೆಯ ಮೇಲೆ ಸೋಲ್ಡರಿಂಗ್ ಐರನ್ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಬಿಸಿಗೆ ಹಿಗ್ಗಿ, ತಣ್ಣಗಾದಾಗ ಕುಗ್ಗಿ, ತುಕ್ಕಿನ ಹಿಡಿತ ಸಡಿಲವಾಗುತ್ತದೆ.

80ರ ದಶಕದ ಕೊನೆ ಮತ್ತು 90ರ ದಶಕದ ವಿಲಿಯಮ್ಸ್, ಬ್ಯಾಲಿ ಮಷಿನ್ ಇರುವವರಿಗೆ ಕಥೆ ಬೇರೆ. ಅಲ್ಲಿ ತುದಿಯಲ್ಲಿ ಸ್ಕ್ರೂ ಇಲ್ಲವೇ ಬೋಲ್ಟ್, ಉಳಿದಂತೆ ಎರಡೂ ಕಡೆ ಅಂಟುವ ಫೋಮ್ ಟೇಪ್. ಹೇರ್ ಡ್ರೈಯರ್‌ನಿಂದ ಒಂದೊಂದು ಗೇಣು ಬಿಸಿ ಮಾಡುತ್ತಾ, ಗಾಳದ ದಾರವನ್ನು ರೈಲ್ ಹಿಂದೆ ತೂರಿಸಿ ಗರಗಸದಂತೆ ಆ ಕಡೆ ಈ ಕಡೆ ಎಳೆಯಿರಿ. ಕೈ ಇಡಲು ಆಗದಷ್ಟು ಬಿಸಿ ಬೇಡ. ಉಳಿದ ಅಂಟನ್ನು ಹೆಬ್ಬೆರಳಿನಿಂದ ಉರುಳೆ ಮಾಡಿ ತೆಗೆದು, ಕೊನೆಗೆ ನ್ಯಾಫ್ತಾದಿಂದ (ಪೆಟ್ರೋಲಿನಂಥ ಒಂದು ದ್ರಾವಕ) ಒರೆಸಿ. ನ್ಯಾಫ್ತಾ ಬೇಗ ಹೊತ್ತಿಕೊಳ್ಳುತ್ತದೆ, ಆಗ ಹತ್ತಿರ ಬಿಸಿ ಉಪಕರಣ ಯಾವುದೂ ಇರಬಾರದು. ಅಸಿಟೋನ್ ಬೇಡ, ಬಣ್ಣವನ್ನೇ ಕರಗಿಸುತ್ತದೆ.

ತೆಗೆದ ರೈಲನ್ನು ಗೋಡೆಗೆ ಒರಗಿಸಿಡಬೇಡಿ, ಬಾಗುತ್ತದೆ. ಚಪ್ಪಟೆ ಹಲಗೆಯ ಮೇಲೆ ಮಲಗಿಸಿ, ಎಡ ಬಲ ಬರೆದಿಡಿ. ಉಜ್ಜುವಾಗ ಸ್ಟೀಲಿನ ಗೆರೆ ಯಾವ ಕಡೆ ಓಡುತ್ತದೋ ಆ ಕಡೆಗೇ, ಅಂದರೆ ಉದ್ದಕ್ಕೇ ಉಜ್ಜಿ. ಮರದಲ್ಲಿ ಸಡಿಲವಾದ ಮೊಳೆ ತೂತುಗಳಿಗೆ ಮರದ ಗೋಂದು ಹಚ್ಚಿದ ಹಲ್ಲುಕಡ್ಡಿ ತುರುಕಿ, ಒಣಗಿದ ಮೇಲೆ ಮಟ್ಟಕ್ಕೆ ಕತ್ತರಿಸಿ. ಇದನ್ನು ಬಣ್ಣಕ್ಕೆ ಮುಂಚೆಯೇ ಮುಗಿಸಿ. ಎನಾಮಲ್ ಬಣ್ಣ ಮುಟ್ಟಿದರೆ ಒಣಗಿದ ಹಾಗೆ ಕಂಡರೂ ಒಳಗೆ ಗಟ್ಟಿಯಾಗಲು ವಾರಗಟ್ಟಲೆ ಬೇಕು. ಅವಸರದಲ್ಲಿ ರೈಲ್ ಕೂರಿಸಿದರೆ ಹೊಸ ಬಣ್ಣಕ್ಕೇ ಅಂಟಿಕೊಳ್ಳುತ್ತದೆ, ಮುಂದಿನ ಸಲ ಮತ್ತೆ ಬ್ಲೇಡ್ ಹಿಡಿಯಬೇಕಾಗುತ್ತದೆ.